ಎರಡು ತೋಳಿನ ರಕ್ತ

ಗಜೇಂದ್ರಗಡ
೩ ಜೂನ್ ೨೦೨೪

ಕೊಣ್ಣೂರಿನ ಅಕ್ಕಾರಿಗೆ, ಮಗ್ಗದ ಕೋಣೆಯಿಂದ ಬೀಗತಿ ಚೌಡವ್ವನ ಶರಣು.

ಕಾಗದ ನೋಡಿ ನಗಬೇಡಿ. ಮೊನ್ನೆ ಫೋನು ಮಾಡಿದಾಗ ಗುರುಸಂಗಪ್ಪ ಬೀಗರು ಜೋರಾಗಿ ಕೇಳುವ ಗುಂಡಿ ಒತ್ತಿಬಿಟ್ಟರು. ನನ್ನ ಮಾತು ನಿಮ್ಮ ಅಂಗಳದ ಎತ್ತುಗಳವರೆಗೆ ಹೋಯಿತು. ನಮ್ಮಿಬ್ಬರ ಗುಟ್ಟು ಎತ್ತಿಗೆ ಯಾಕೆ? ಇಬ್ಬರೂ ಏಳನೆಯ ಇಯತ್ತೆ ಕಲಿತವರು, ಕಾಗದವೇ ಚಲೋ.

ರೋಣದಲ್ಲಿ ಬನಶ್ರೀಯ ಕುಬಸ ಆದದ್ದು ಇನ್ನೂ ಕಣ್ಣ ಮುಂದೆ ಇದೆ. ಅವಳು ನನ್ನ ಮಗಳು, ನಿಮ್ಮ ಸೊಸೆ, ಹೊಟ್ಟೆಯಲ್ಲಿರುವುದು ಇಬ್ಬರದೂ. ಹಸಿರು ಬಳೆ ತೊಟ್ಟು ಕೂತಾಗ ನನ್ನ ದೃಷ್ಟಿಯೇ ಆದೀತೆಂದು ಆಚೆ ನೋಡಿದೆ. ಅದೇ ಹೊತ್ತಿಗೆ ನಿಮ್ಮ ಮಗ ಶರತ ಬಂದು, ಬಿ.ಪಿ. ಇದ್ದ ನಮ್ಮಿಬ್ಬರನ್ನೂ ಪಕ್ಕದ ಓಣಿಯ ಭವನದಲ್ಲಿ ನಡೆದಿದ್ದ ರಕ್ತ ತಪಾಸಣೆಗೆ ಕರೆದೊಯ್ದನಲ್ಲ. ಡಾಕ್ಟರಕಿ ಕಲಿಯುವ ಹುಡುಗಿ ಹೇಳಿದ್ದು ನೆನಪಿದೆಯೇ? "ಬಿ.ಪಿ. ಇದ್ದವರ ರಕ್ತದಾಗಿನ ಕಣಾ ಎಣಿಸಿ, ಅಳದು ನೋಡತೀವ್ರಿ ಅವ್ವಾರ. ಮುಂದ ಹೃದಯಕ್ಕ ತ್ರಾಸ ಆಗೂದಿದ್ರ ಕಣಾ ಮೊದಲ ಸುದ್ದಿ ಕೊಡತಾವೇನು ಅಂತ."

ಆಗ ನೀವು ನನ್ನ ಕಿವಿಯಲ್ಲಿ, "ಮೊದಲ ಉಡಿ ತುಂಬೂ ಕೈಯಿಂದ ಇವತ್ತ ರಕ್ತ ತಗಸಬಾರದು. ನಮ್ಮ ಮನಿತನದಾಗ ನಡಿಯೂದಿಲ್ಲ. ನನ್ನ ಹೆಸರಿಲೆ ನೀವ ಕೊಡ್ರಿ, ಇಲ್ಲಂದ್ರ ಶರತ ಬೈತಾನ" ಎಂದಿರಿ. ಕೊಟ್ಟೆ. ನನ್ನ ಹೆಸರಿಗೆ ಎಡಗೈ. ಆಮೇಲೆ ಸೆರಗು ತಲೆ ತುಂಬ ಹೊದ್ದು, ಸಿದ್ದಲಿಂಗವ್ವ ಎಂದು ಕೂಗಿದಾಗ ಮತ್ತೆ ಹೋಗಿ ಕೂತು ಬಲಗೈ ಚಾಚಿದೆ. ಆ ಹುಡುಗಿ ಮುಖ ನೋಡಲಿಲ್ಲ, ನರ ನೋಡಿದಳು. ಬಲಗೈ ನನ್ನ ಲಾಳಿಯ ಕೈ, ದಿನವಿಡೀ ದುಡಿಯುವುದು. ಅದರ ರಕ್ತ ಎಡಗೈಯದಕ್ಕಿಂತ ಗಟ್ಟಿ ಇರುತ್ತದೆ. ಚಲೋದನ್ನೇ ನಿಮ್ಮ ಹೆಸರಿಗೆ ಕೊಟ್ಟಿದ್ದೇನೆ, ಚಿಂತೆ ಬೇಡ.

ನಿನ್ನೆ ಮಧ್ಯಾಹ್ನ ಮಗ್ಗದ ಕುಣಿಯಲ್ಲಿ ಕಾಲಿಳಿಸಿ ನೇಯುತ್ತಿದ್ದವಳಿಗೆ ಅಲ್ಲೇ ಕಣ್ಣು ಹತ್ತಿತು. ಕನಸಿನಲ್ಲಿ ಹಾಸಿನ ಎಳೆಗಳೆಲ್ಲ ಕೆಂಪಾಗಿದ್ದವು. ಒಂದೊಂದು ಎಳೆಯ ಮೇಲೆ ಸಣ್ಣ ಸಣ್ಣ ಹೆಂಗಸರು ಬುಟ್ಟಿ ಹೊತ್ತು ನಡೆಯುತ್ತಿದ್ದರು. ಎಲ್ಲಿಗ್ರವ್ವಾ ಎಂದು ಕೇಳಿದರೆ, ಮೇಲೆ, ಎಂದರು. ಎದ್ದಾಗ ಅಂಚು ಎರಡು ಬೆರಳು ಸೊಟ್ಟ ಬಂದಿತ್ತು. ಇವರು ಬೈದರು.

ಜುಲೈ ಕೊನೆಗೆ ಬನಶ್ರೀಯನ್ನು ಕಳಿಸಿಕೊಡಿ. ಚೊಚ್ಚಲ ಬಾಣಂತನ ತವರಿನದು, ಮರೆಯಬೇಡಿ.

ನಿಮ್ಮ ಚೌಡವ್ವ

*

ಕೊಣ್ಣೂರು
೧೪ ಜೂನ್ ೨೦೨೪

ಬೀಗತಿಯವರೇ,

ಕಾಗದ ಮುಟ್ಟಿತು. ತನ್ನಿಂದ ಗುಟ್ಟು ಬಚ್ಚಿಟ್ಟರೆಂದು ನಮ್ಮ ಎತ್ತು ಮೇವು ಬಿಟ್ಟಿದೆ.

ಇಲ್ಲಿ ಹೆಸರು ಬಿತ್ತನೆ ಮುಗಿಯಿತು. ಎರೆ ಭೂಮಿ ಕಾಲಿಗೆ ಅಂಟಿಕೊಂಡು ಮನೆಯೊಳಗೆಲ್ಲ ಹೊಲವೇ ಬಂದಿದೆ. ರೋಣದ ಬಾಡಿಗೆ ಮನೆಯ ಮೆಟ್ಟಿಲು ಕಡಿದಾಗಿವೆ ಎಂದು ಬನಶ್ರೀಯನ್ನು ನಾನು ಇಲ್ಲಿಗೇ ಕರೆದುಕೊಂಡು ಬಂದೆ. ಶರತ ಅಂಗಡಿ ಮುಚ್ಚಿ ವಾರಕ್ಕೊಮ್ಮೆ ಬಂದು ಹೋಗುತ್ತಾನೆ. ನಿಮ್ಮ ಮಗಳು ಮುಂಜಾನೆ ಎದ್ದರೆ ಚುರುಮುರಿಯ ಗಿರಮಿಟ್ಟು ಬೇಡುತ್ತಾಳೆ. ಮಗ್ಗದ ಮನೆಯ ಹುಡುಗಿ ನಮ್ಮ ಒಕ್ಕಲುತನಕ್ಕೆ ಹೇಗೆ ಹೊಂದುತ್ತಾಳೋ ಎಂದು ಮದುವೆಯಲ್ಲಿ ಮುಖ ಗಂಟು ಹಾಕಿದ್ದೆ. ಈಗ ಅವಳು ಹೊಂದಿಕೊಳ್ಳುವುದು ಬಿಟ್ಟು ನಾವೇ ಅವಳಿಗೆ ಹೊಂದಿಕೊಂಡಿದ್ದೇವೆ.

ನಿಮ್ಮ ಕನಸು ಓದಿ ಹೊಟ್ಟೆಕಿಚ್ಚಾಯಿತು. ನನ್ನ ಕನಸಿನಲ್ಲಿ ಹಾಲು ಉಕ್ಕುತ್ತದೆ, ಎಮ್ಮೆ ಹಗ್ಗ ಹರಿಯುತ್ತದೆ, ಅಷ್ಟೇ. ನಡುಹಗಲು ಹಾಗೆ ಮಲಗಿ ಕನಸು ಕಾಣುವವರು ಪುಣ್ಯವಂತರು. ಇನ್ನೊಂದಿಷ್ಟು ಕಂಡು ಬರೆಯಿರಿ.

ಕಳಿಸುವ ಮಾತಿಗೆ ನನ್ನ ತಕರಾರಿಲ್ಲ. ಆದರೆ ಯಾವಗಲ್‌ನ ನಮ್ಮ ನೆಂಟರ ಹುಡುಗಿ ಹಾಸಿಗೆ ಹಿಡಿದ ತಾಯಿಯ ಮನೆಗೆ ಹೆರಿಗೆಗೆ ಹೋಗಿ, ಹಸಿ ಬಾಣಂತಿ ತಾನೇ ತಾಯಿಗೆ ನೀರು ಕಾಯಿಸಿ ಎರೆದಳು. ಅದನ್ನು ನೋಡಿದ ಮೇಲೆ ನಮ್ಮ ಮನೆಯಲ್ಲಿ ಹೇಳಿಬಿಟ್ಟಿದ್ದೇನೆ, ತಾಯಿ ಗಟ್ಟಿ ಇದ್ದ ಮನೆಗೆ ಮಾತ್ರ ಬಾಣಂತನಕ್ಕೆ ಕಳಿಸಬೇಕೆಂದು. ನೀವು ಕಲ್ಲಿನ ಹಾಗೆ ಇದ್ದೀರಿ, ಆ ಚಿಂತೆ ನನಗಿಲ್ಲ.

ರಕ್ತದ ಕಾರ್ಡು ಬಂದರೆ ತಿಳಿಸಿರಿ.

ಸಿದ್ದಲಿಂಗವ್ವ

*

ಗಜೇಂದ್ರಗಡ
೨೪ ಜೂನ್ ೨೦೨೪

ಅಕ್ಕಾರಿಗೆ ಶರಣು.

ಕಾರ್ಡು ಬಂತು. ಎಲ್ಲ ಸರಿ ಇದೆ. ಕೆಂಪು ಕಣ ಸರಿ, ಬಿಳಿ ಕಣ ಸರಿ, ಇನ್ನೂ ಒಂದು ಜಾತಿಯ ಸಣ್ಣ ಕಣಗಳಿವೆಯಂತೆ, ಅವೂ ಸರಿ. ಎಲ್ಲವೂ ಸರಿಯಾಗಿದೆ ಎಂದೇ ಬರೆದಿದ್ದಾರೆ. ನಿಮ್ಮದು ಬಂತೇ? ಅದು ಬಲಗೈಯದು, ನನ್ನದಕ್ಕಿಂತ ಇನ್ನೂ ಚಲೋ ಇರಬೇಕು.

ಕೇಳಿದಿರೆಂದು ಕನಸು ಬರೆಯುತ್ತೇನೆ. ಮೊನ್ನೆ ಮಲಪ್ರಭೆ ನಮ್ಮ ಗುಡ್ಡ ಹತ್ತಿ ಬಂದು ಮಗ್ಗದ ಕುಣಿ ತುಂಬಿತು. ನೀರು ಬೆಚ್ಚಗಿತ್ತು. ಮೊಣಕಾಲವರೆಗೆ ಇಳಿಬಿಟ್ಟು ಕೂತಿದ್ದೆ, ಲಾಳಿ ದೋಣಿಯಾಗಿ ಈ ದಡದಿಂದ ಆ ದಡಕ್ಕೆ ಹೋಗಿ ಬರುತ್ತಿತ್ತು. ಅದರೊಳಗೆ ಬನಶ್ರೀ ಕೂತಿದ್ದಳು, ಮೂರು ವರ್ಷದ ಕೂಸು, ಎರಡು ಜಡೆ. ಒಂದು ಸಲ ಹೋದದ್ದು ತಿರುಗಿ ಬರಲಿಲ್ಲ. ನಾನು ಕೂಗಲಿಲ್ಲ. ಆ ದಡದಲ್ಲಿ ನೀವು ಇದ್ದಿರಿ, ಅವಳನ್ನು ಎತ್ತಿಕೊಂಡಿರಿ, ಬಿಸಿಲು ಬಹಳ ಚೆನ್ನಾಗಿತ್ತು.

ಈಚೆಗೆ ಹಗಲೇ ಹೆಚ್ಚು ಕಣ್ಣು ಹತ್ತುತ್ತದೆ. ರಾತ್ರಿ ಅಂಗಾತ ಮಲಗಿದರೆ ಕನಸು ಎದೆಯ ಮೇಲೆ ಬಂದು ಕೂರುತ್ತದೆ. ಅದಕ್ಕೆ ಗೋಡೆಗೆ ದಿಂಬು ಕೊಟ್ಟು ಕೂತೇ ಮಲಗುತ್ತೇನೆ. ಹಾಗೆ ಮಲಗಿದರೆ ಆರಾಮ.

ಬಾಣಂತಿಯ ಕೋಣೆಗೆ ಸುಣ್ಣ ಹೊಡೆಸಿದೆ. ಅಂಟಿನುಂಡಿಗೆ ಕೊಬ್ಬರಿ, ಉತ್ತತ್ತಿ ತಂದಿಟ್ಟಿದ್ದೇನೆ. ಕಳಿಸುವ ದಿನ ಬರೆಯಿರಿ.

ಚೌಡವ್ವ

*

ಕೊಣ್ಣೂರು
೮ ಜುಲೈ ೨೦೨೪

ಬೀಗತಿಯವರೇ,

ನನ್ನ ಕಾರ್ಡೂ ಬಂದಿದೆ. ವಿಶೇಷ ಏನಿಲ್ಲ.

ಸುಮ್ಮನೆ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಬಿ.ಪಿ. ಇದ್ದವರಿಗೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುವುದುಂಟೇ? ಸಂಜೆಗೆ ಪಾದ ಬಾವುತ್ತವೆಯೇ? ಬೆರಳಿನಿಂದ ಒತ್ತಿದರೆ ಕುಳಿ ನಿಲ್ಲುತ್ತದೆಯೇ? ನಿಮಗೆ ಗೊತ್ತಿದ್ದರೆ ಬರೆಯಿರಿ. ಬನಶ್ರೀಗೆ ಫೋನಿನಲ್ಲಿ ಏನೂ ಅನ್ನಬೇಡಿ.

ಈಗ ನನಗೂ ಕನಸು ಬೀಳುತ್ತಿದೆ. ನಿಮ್ಮಿಂದ ಅಂಟಿಕೊಂಡಿರಬೇಕು. ಯಾರೋ ಅಂಗಳದಲ್ಲಿ ನಿಂತು ನನ್ನ ಹೆಸರು ಹಿಡಿದು ಕೂಗುತ್ತಾರೆ. ಓ ಎನ್ನಲೋ ಬೇಡವೋ ತಿಳಿಯದೆ ಬಾಗಿಲ ಹಿಂದೆ ನಿಂತಿರುತ್ತೇನೆ. ಒಬ್ಬರ ಹೆಸರಿಗೆ ಬಂದದ್ದು ಅವರಿಗೇ ಸೇರಬೇಕಲ್ಲವೇ? ಇರಲಿ, ಮಳೆಗಾಲದ ಮಾತು.

ಕಳಿಸುವ ದಿನ ಆಮೇಲೆ ನೋಡೋಣ.

ಸಿದ್ದಲಿಂಗವ್ವ

*

ಗಜೇಂದ್ರಗಡ
೧೬ ಜುಲೈ ೨೦೨೪

ಅಕ್ಕಾರಿಗೆ ಶರಣು.

ನಿಮ್ಮ ಕಾಗದ ಎರಡೆರಡು ಸಲ ಓದಿದೆ. ನಿಮಗೆ ಆರಾಮಿಲ್ಲ, ಮುಚ್ಚಿಡುತ್ತಿದ್ದೀರಿ. ನಾಲ್ಕು ಸಾಲು ಬರೆದು ಮುಗಿಸುವವರಲ್ಲ ನೀವು.

ಹೆದರಬೇಡಿ. ಪಾದ ಬಾವುವುದು ಎಲ್ಲರಿಗೂ ಇದೆ. ನನ್ನ ಪಾದ ಸಂಜೆಗೆ ಚಪ್ಪಲಿಯೊಳಗೆ ಹೋಗುವುದಿಲ್ಲ, ಮಗ್ಗ ತುಳಿದು ಹಾಗೆ ಆಗುತ್ತದೆ. ಕುಳಿಯೂ ಬೀಳುತ್ತದೆ, ಆಮೇಲೆ ತಾನೇ ತುಂಬಿಕೊಳ್ಳುತ್ತದೆ. ಏದುಸಿರೂ ಅಷ್ಟೇ. ಮೊನ್ನೆ ಕಾಲಕಾಲೇಶ್ವರನ ಮೆಟ್ಟಿಲು ಅರ್ಧ ಹತ್ತಿ ಕೂತುಬಿಟ್ಟೆ, ಅಲ್ಲಿಂದಲೇ ಕೈಮುಗಿದೆ. ದೇವರಿಗೆ ನನ್ನ ಪರಿಚಯ ಇದೆ, ಇಳಿದು ಬಂದು ನೋಡಿಕೊಳ್ಳುತ್ತಾನೆ ಎಂದು ಇವರಿಗೆ ಹೇಳಿದೆ. ವಯಸ್ಸಾದ ಮೇಲೆ ಇವೆಲ್ಲ ಇರುವುದೇ. ನೀವು ಉಪ್ಪಿನಕಾಯಿ ಬಿಡಿ, ಗುಳಿಗೆ ತಪ್ಪಿಸಬೇಡಿ. ನಾನು ಮಾತ್ರ ಆಗಾಗ ತಪ್ಪಿಸುತ್ತೇನೆ, ತಲೆ ಜೋಂಪು ಹಿಡಿದು ಅಂಚು ಸೊಟ್ಟ ಬರುತ್ತದೆ.

ನಿಮಗೆ ಮೈ ನೆಟ್ಟಗಿಲ್ಲದಿರುವಾಗ ತುಂಬು ಬಸುರಿಯ ಆರೈಕೆ ಎಲ್ಲಾಗುತ್ತದೆ? ಅವಳನ್ನು ಲಗೂ ಕಳಿಸಿಬಿಡಿ. ಇಲ್ಲಿ ನಾನು ಗಟ್ಟಿಯಾಗಿದ್ದೇನೆ.

ಚೌಡವ್ವ

*

ಕೊಣ್ಣೂರು
೨೯ ಜುಲೈ ೨೦೨೪

ಚೌಡವ್ವ,

ಇಷ್ಟು ದಿನ ನೀವು, ತಾವು ಎಂದು ಬರೆದೆ. ಇವತ್ತು ನಿನಗಿಂತ ಎಂಟು ವರ್ಷ ಹಿರಿಯಳಾಗಿ ಬರೆಯುತ್ತೇನೆ.

ನನ್ನ ಹೆಸರಿಗೆ ಬಂದ ಕಾರ್ಡಿನಲ್ಲಿ ಹೀಗಿದೆ: ಕೆಂಪು ಕಣಗಳು ಒಂದೇ ಗಾತ್ರ ಇಲ್ಲ, ಏರುಪೇರು ಬಹಳ. ಬಿಳಿ ಕಣಗಳ ಲೆಕ್ಕವೂ ಮೇಲಿದೆ. ಬಿ.ಪಿ. ಇದ್ದವರಲ್ಲಿ ಇದು ಹೃದಯಕ್ಕೆ ಭಾರವಾಗಿರುವ ಸೂಚನೆ ಇರಬಹುದು, ಕೂಡಲೇ ಹೃದಯ ತೋರಿಸಿಕೊಳ್ಳಿ. ಓದಿದಾಗ ನಿನ್ನ ಕಾಗದ ತೆಗೆದು ನೋಡಿದೆ. ನಿನ್ನದು ಎಲ್ಲ ಸರಿ ಎಂದಿದ್ದೆ. ರಕ್ತ ಕೊಟ್ಟವಳಿಗೆ ಎಲ್ಲ ಸರಿ, ನನಗೆ ಹೀಗೆ. ಸುಳ್ಳು ಹೆಸರಿಗೆ ದೇವರು ಖರೇ ರೋಗ ಬರೆದ ಎಂದುಕೊಂಡೆ. ಇಪ್ಪತ್ತು ದಿನ ಅನ್ನ ಸೇರಲಿಲ್ಲ. ನಿನ್ನನ್ನು ಕೇಳಿದ ಲಕ್ಷಣಗಳನ್ನೆಲ್ಲ ನನ್ನ ಮೈಯ ಮೇಲೆ ಹುಡುಕುತ್ತಿದ್ದೆ. ನನಗೆ ಒಂದೂ ಸಿಗಲಿಲ್ಲ. ಎಲ್ಲವೂ ನಿನ್ನ ಉತ್ತರದಲ್ಲಿ ಸಿಕ್ಕವು.

ಆಗ ಇವರ ಸಂಗಡ ನರಗುಂದಕ್ಕೆ ಹೋಗಿ ಡಾಕ್ಟರಬಾಯಿಯ ಮುಂದೆ ನನ್ನ ಸ್ವಂತ ಕೈ ಚಾಚಿದೆ. ಖರೇ ಹೇಳುತ್ತೇನೆ, ಉಡಿ ತುಂಬುವ ಕೈಯ ಶಾಸ್ತ್ರ ನಮ್ಮ ಮನೆತನದಲ್ಲಿ ಇಲ್ಲ. ಸೂಜಿಗೆ ಹೆದರಿ ಅಲ್ಲೇ ಹುಟ್ಟಿಸಿದ್ದು. ನರಗುಂದದಲ್ಲಿ ನಾನು ಚೀರಿದ್ದಕ್ಕೆ ಹೊರಗೆ ಕೂತವರು ಎದ್ದು ನಿಂತರಂತೆ. ನನ್ನ ಕಣ ಸರಿ ಇವೆ. ಬಿ.ಪಿ. ಮಾತ್ರ ಹಳೆಯದು. ನಡೆದದ್ದನ್ನೆಲ್ಲ ಹೇಳಿದೆ. ಡಾಕ್ಟರಬಾಯಿ ನಗಲಿಲ್ಲ. "ಎಡಗೈಗೊಂದು ಬಲಗೈಗೊಂದು ರಕ್ತ ಇರೂದಿಲ್ಲವ್ವ. ಇದು ನಿಮ್ಮ ಬೀಗತಿದು. ಕಣಾ ನೋಡಿ ಇಂಥಾದ್ದ ಆಗೇತಿ ಅನ್ನಾಕ ಬರೂದಿಲ್ಲ, ಎದಿ ನೋಡಬೇಕು. ಆಕಿಗೆ ಹಗಲೊತ್ತು ನಿದ್ದಿ ಹತ್ತತದೇನು? ರಾತ್ರಿ ಕುಂತು ಮಲಗತಾಳೇನು?" ಎಂದು ಕೇಳಿದಳು.

ನಿನ್ನ ಕನಸುಗಳನ್ನು ನಾನು ಬನಶ್ರೀಗೂ ಓದಿ ಹೇಳಿ ಸುಖಪಟ್ಟಿದ್ದೆ. ಇನ್ನೊಂದಿಷ್ಟು ಬರೆ ಎಂದಿದ್ದೆ. ನನಗೆ ಎಷ್ಟು ನಾಚಿಕೆ, ಎಷ್ಟು ಸಿಟ್ಟು ಬಂತು ಎಂದರೆ ಹೇಳಲಾರೆ.

ನಿನ್ನ ಕಾರ್ಡು ಏನು ಹೇಳಿತ್ತು? ಖರೇ ಬರೆ. ಎದೆ ತೋರಿಸುವವರೆಗೆ ಬನಶ್ರೀ ಇಲ್ಲೇ ಇರುತ್ತಾಳೆ. ಹೊಳೆಗೆ ನೀರು ಬಿಟ್ಟಿದ್ದಾರೆ, ಸೇತುವೆ ಮುಳುಗುವ ಹಾಗಿದೆ. ಈ ಕಾಗದ ಮೊದಲು ಹೋಗಲಿ.

ಸಿದ್ದಲಿಂಗವ್ವ

*

ಗಜೇಂದ್ರಗಡ
೧೧ ಆಗಸ್ಟ್ ೨೦೨೪

ಅಕ್ಕಾ,

ನಿಮ್ಮ ಕಡೆ ರಸ್ತೆಯ ಮೇಲೆ ನೀರು ಬಂದು ಅಂಚೆ ನಿಂತಿತ್ತಂತೆ. ಕಾಗದ ನಿನ್ನೆ ಸಿಕ್ಕಿತು. ಕೊಣ್ಣೂರು ಮುಳುಗಿದೆ ಎಂದು ಟಿ.ವಿ.ಯಲ್ಲಿ ನೋಡಿ, ನೀವು ಬರೆಯದಿರುವುದಕ್ಕೆ ಅದೇ ಕಾರಣವಿರಲಿ ಎಂದು ಬೇಡಿಕೊಂಡೆ. ನೋಡಿ, ಊರು ಮುಳುಗಲಿ ಎಂದು ಬೇಡಿಕೊಂಡವಳು ನಾನು.

ನನ್ನ ಕಾರ್ಡೂ ಅದನ್ನೇ ಹೇಳಿತ್ತು. ಅಕ್ಷರ ಬಿಡದೆ ಅದನ್ನೇ. ಬಲಗೈಯದು ಬೇರೆ ಬರುತ್ತದೆ, ನಿಮಗೆ ಗೊತ್ತಾಗುವುದಿಲ್ಲ ಎಂದು ನಂಬಿದ್ದೆ. ನೀವು ಇಪ್ಪತ್ತು ದಿನ ಊಟ ಬಿಟ್ಟದ್ದು ಓದಿ ಅತ್ತೆ.

ಮುಚ್ಚಿಟ್ಟದ್ದು ಯಾಕೆ ಎಂದರೆ, ತಾಯಿ ಗಟ್ಟಿ ಇದ್ದ ಮನೆಗೇ ಕಳಿಸುತ್ತೇನೆ ಎಂದು ನೀವೇ ಬರೆದಿದ್ದಿರಿ. ಆ ಸಾಲು ಓದಿದ ಮೇಲೆ ಕಾರ್ಡು ಬಂತು. ಮಗಳು ತಾನೇ ಮೆಚ್ಚಿ ನಿಮ್ಮ ಮನೆ ಸೇರಿದಳು. ಮದುವೆ ನಿಮ್ಮೂರಲ್ಲಿ, ನಿಮ್ಮ ಪದ್ಧತಿಯಲ್ಲಿ, ನಿಮ್ಮ ಜನದ ನಡುವೆ ಆಯಿತು. ನಾನು ತಾಯಿ ಎನ್ನಿಸಿಕೊಳ್ಳಲು ಉಳಿದದ್ದು ಇದೊಂದು ಬಾಣಂತನ. ಇದನ್ನೂ ನೀವು ಇಟ್ಟುಕೊಂಡರೆ ನನಗೇನು ಉಳಿಯಿತು? ಹೆರಿಗೆ ಆಗಿ ಕೂಸು ತೊಟ್ಟಿಲಿಗೆ ಬಿದ್ದ ಮೇಲೆ ದವಾಖಾನೆಗೆ ಹೋಗೋಣ, ಅಲ್ಲಿಯವರೆಗೆ ಎದೆ ತಡೆಯುತ್ತದೆ ಎಂದುಕೊಂಡೆ.

ಮಲಪ್ರಭೆಯ ಕನಸು ಬರೆಯುವಾಗ ಒಂದು ಮಾತು ಬಿಟ್ಟಿದ್ದೆ. ನೀವು ಆ ದಡದಲ್ಲಿ ಬನಶ್ರೀಯನ್ನು ಎತ್ತಿಕೊಂಡಾಗ ನಾನು ಕುಣಿಯಿಂದ ಏಳಲು ನೋಡಿದೆ, ಕಾಲು ಮೇಲೆ ಬರಲಿಲ್ಲ. ನೀರು ಬೆಚ್ಚಗಿತ್ತು, ಇರಲಿ ಬಿಡು ಎನ್ನಿಸಿತು. ಆಮೇಲೆ ಎಚ್ಚರಾದಾಗ ಆ ಇರಲಿ ಬಿಡು ಎನ್ನಿಸಿದ್ದಕ್ಕೇ ಹೆದರಿದೆ. ಇವರಿಗೂ ಹೇಳಿಲ್ಲ. ನನಗೆ ಸಾಯಲು ಮನಸ್ಸಿಲ್ಲ ಅಕ್ಕಾ. ಆ ಕೂಸಿನ ಮುಖ ನೋಡಬೇಕು.

ಈಗ ನಿಮಗೆ ಎಲ್ಲ ಗೊತ್ತು. ಮಗಳನ್ನು ಕಳಿಸುವುದು ಬಿಡುವುದು ನಿಮ್ಮದು.

ಚೌಡವ್ವ

*

ಕೊಣ್ಣೂರು
೧೭ ಆಗಸ್ಟ್ ೨೦೨೪

ಚೌಡವ್ವ, ತಂಗೀ,

ನೀರು ನಮ್ಮ ಕಟ್ಟೆಯವರೆಗೆ ಬಂದು ಇಳಿಯಿತು. ಹೊಳೆದಂಡೆಯ ಹೆಸರು ಬೆಳೆ ಹೋಯಿತು, ಮೇಲಿನ ಹೊಲದ್ದು ಉಳಿಯಿತು. ನೀನು ಬೇಡಿಕೊಂಡದ್ದಕ್ಕೆ ಬಂದ ನೀರಲ್ಲ ಅದು, ಅಷ್ಟು ದೊಡ್ಡವಳು ನೀನಲ್ಲ. ಅಳಬೇಡ.

ಯಾವಗಲ್ ಹುಡುಗಿಯ ಮಾತು ನಾನು ಹರಟೆಗೆ ಬರೆದೆ. ಅದು ನಿನ್ನ ಎದೆಗೆ ಹೀಗೆ ನಾಟೀತೆಂದು ತಿಳಿಯಲಿಲ್ಲ. ಆಮೇಲಿನ ಕಾಗದದಲ್ಲಿ ಮಗಳನ್ನು ಕಳಿಸುವುದಿಲ್ಲ ಎಂದದ್ದು ಸಿಟ್ಟಿನಲ್ಲಿ. ಬನಶ್ರೀಗೆ ಎಲ್ಲ ಹೇಳಿದೆ. ಅತ್ತಳು, ನಮ್ಮಿಬ್ಬರನ್ನೂ ಬೈದಳು. ಬರುವ ಭಾನುವಾರ ಶರತ ಕಾರು ಮಾಡಿಕೊಂಡು ಅವಳನ್ನು ನಿನ್ನಲ್ಲಿಗೆ ಬಿಡುತ್ತಾನೆ. ಇದಕ್ಕೆ ಷರತ್ತು ಇಲ್ಲ. ನೀನು ಎದೆ ತೋರಿಸು, ತೋರಿಸದಿರು, ಮಗಳು ನಿನ್ನ ಮನೆಗೇ ಬರುತ್ತಾಳೆ.

ಆದರೆ ನನ್ನ ಮನಸ್ಸಿನ ಮಾತನ್ನೂ ಕೇಳು. ನಿನ್ನೆ ಸಂಜೆ ಕಟ್ಟೆಯ ಮೇಲೆ ಕೂತು ಇಳಿಯುತ್ತಿರುವ ಹೊಳೆ ನೋಡುತ್ತಿದ್ದೆ. ಕೆಂಪು ನೀರಿನ ಮೇಲೆ ಬೆಳಕು ಬಿದ್ದು, ಮುಂದಿನ ವರ್ಷ ನೀನೂ ನಾನೂ ಕೂಸನ್ನು ನಡುವೆ ಕೂರಿಸಿಕೊಂಡು ಅಲ್ಲೇ ಕೂತ ಹಾಗೆ ಕಂಡಿತು. ನಾನು ಎಚ್ಚರಿದ್ದೆ. ಎಚ್ಚರಿದ್ದಾಗ ಹಾಗೆ ಕಂಡದ್ದು ಇದೇ ಮೊದಲು. ನೀನಿಲ್ಲದೆ ಅದನ್ನು ಕಾಣಲು ನೋಡಿದೆ, ಆಗಲಿಲ್ಲ.

ಇವತ್ತೇ ಬಸ್ಸು ಹತ್ತಿ ಬಂದೇನು. ಆದರೆ ಗಂಡಿನ ತಾಯಿ ಹೆಣ್ಣಿನ ತವರಿಗೆ ಬಾಣಂತನ ಮಾಡಲು ಹೋದಳು ಎಂದು ಕೇಳಿದ್ದೀಯಾ? ಊರು ನಗುತ್ತದೆ. ನಗಲಿ. ನಿನಗೆ ಹೊಟ್ಟೆ ಉರಿದರೆ ಮಾತ್ರ ನಾನು ತಡೆಯಲಾರೆ. ನಿನ್ನ ಪಾಲಿಗೆ ಉಳಿದ ಬಾಣಂತನ ಎಂದೆಯಲ್ಲ, ಅದರೊಳಗೆ ಕರೆಯದೆ ಕಾಲಿಡುವುದಿಲ್ಲ.

ಸಿದ್ದಲಿಂಗವ್ವ

*

ಗಜೇಂದ್ರಗಡ
೨೭ ಆಗಸ್ಟ್ ೨೦೨೪

ಅಕ್ಕಾ,

ಭಾನುವಾರ ಬನಶ್ರೀ ಮನೆಗೆ ಬಂದಳು. ಸುಣ್ಣ ಹೊಡೆದ ಕೋಣೆಯಲ್ಲಿ ಮಲಗಿ, ಅವ್ವಾ, ಇಲ್ಲಿ ಮಗ್ಗದ ಸಪ್ಪಳ ಯಾಕಿಲ್ಲ ಎಂದು ಕೇಳಿದಳು. ನಾಳೆ ದವಾಖಾನೆಗೆ ಹೋಗುವುದಿದೆ, ಅದಕ್ಕೆ ಎಂದೆ.

ನಿನ್ನೆ ಇವರ ಸಂಗಡ ಗದಗಕ್ಕೆ ಹೋಗಿ ಬಂದೆ. ಎದೆಗೆ ತಣ್ಣಗಿನ ಅಂಟು ಹಚ್ಚಿ, ಪರದೆಯ ಮೇಲೆ ನನ್ನ ಹೃದಯ ತೋರಿಸಿದರು. ಬೂದು ಬಣ್ಣದ್ದು, ಮಬ್ಬುಗತ್ತಲಲ್ಲಿ ಯಾರೋ ಮುಷ್ಟಿ ಬಿಚ್ಚಿ ಮುಚ್ಚಿದ ಹಾಗೆ. ಇಷ್ಟು ವರ್ಷ ಯಾರೂ ನೋಡದಿದ್ದರೂ ಕೆಲಸ ಮಾಡುತ್ತಲೇ ಇದೆಯಲ್ಲ ಎಂದು ಕನಿಕರ ಬಂತು. ಡಾಕ್ಟರು ಇವರಿಗೆ ಹೇಳಿದರು, "ಬಿ.ಪಿ. ಭಾಳ ವರ್ಷ ಜಗ್ಗಿ ಹೃದಯದ ಗ್ವಾಡಿ ದಪ್ಪ ಆಗೇತ್ರಿ. ನೀರು ತುಂಬಾಕ ಹತ್ತೇತಿ. ಈಗ ಬಂದ್ರಿ, ಚಲೋ ಆತು. ಇನ್ನ ಗುಳಿಗಿ ಒಂದು ದಿನಾನೂ ಬಿಡಬ್ಯಾಡ್ರಿ." ರಕ್ತವೂ ಕಡಿಮೆ ಇದೆಯಂತೆ, ಅದಕ್ಕೆ ಬೇರೆ ಔಷಧ. ಎಷ್ಟು ವರ್ಷ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ನೀರು ಇಳಿಸುವ ಗುಳಿಗೆ ಕೊಟ್ಟಿದ್ದಾರೆ. ರಾತ್ರಿ ಬಹಳ ದಿನಗಳ ಮೇಲೆ ಸ್ವಲ್ಪ ಹೊತ್ತು ಅಂಗಾತ ಮಲಗಿದೆ. ಆರಾಮಾದರೆ ಹಗಲುಗನಸು ನಿಂತಾವು ಎಂದರು. ಅದೊಂದು ಬೇಸರ.

ಮಗ್ಗ ಅರ್ಧ ದಿನ ಸಾಕಂತೆ. ಭಾರ ಎತ್ತಬಾರದು, ಬಗ್ಗಿ ಬಿಸಿನೀರಿನ ಹಂಡೆ ಎಳೆಯಬಾರದು. ಅಂದರೆ ಕಾಲು ಚಾಚಿ ಕೂತು, ಕೂಸನ್ನು ಮೊಣಕಾಲ ಮೇಲೆ ಹಾಕಿಕೊಂಡು ಎರೆಯುವ ಕೆಲಸ ನನ್ನಿಂದಾಗುವುದಿಲ್ಲ. ಡಾಕ್ಟರು ಇದನ್ನು ಹೇಳುವಾಗ ಅತ್ತುಬಿಟ್ಟೆ. ಎದೆಯ ಸುದ್ದಿಗೆ ಅಳಲಿಲ್ಲ, ಇದಕ್ಕೆ ಅತ್ತೆ. ಇವರು ಕೆಲಸದವಳನ್ನು ಹಚ್ಚೋಣ ಎಂದರು. ಬಸ್ಸು ರೋಣ ದಾಟಿದ ಮೇಲೆ, ಕೆಲಸದವಳು ಬೇಡ, ಅಕ್ಕನನ್ನು ಕರೆಯುತ್ತೇನೆ ಎಂದೆ.

ನಾನು ಕರೆಯುತ್ತಿದ್ದೇನೆ ಅಕ್ಕಾ. ಬನ್ನಿ. ಹೆರಿಗೆಗೆ ಮೊದಲೇ ಬನ್ನಿ, ಐದು ತಿಂಗಳು ಇರಿ. ಎರೆಯುವ ಕೆಲಸ ನಿಮ್ಮದು, ನಾನು ತಂಬಿಗೆ ಕೂಡ ಮುಟ್ಟುವುದಿಲ್ಲ. ಒಲೆಯ ಬೆಚ್ಚನೆಗೆ ಪಕ್ಕದಲ್ಲಿ ಸೆರಗು ಹಾಸಿಕೊಂಡು ಕೂತಿರುತ್ತೇನೆ. ಮೈ ತೊಳೆದ ಕೂಸನ್ನು ಮೊದಲು ನನ್ನ ಕೈಗೆ ಕೊಡಬೇಕು.

ಚೌಡವ್ವ